ಮರಳಿ ಬಾರದ ಆಗಸದ ಯೋಧ: ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ

ಕೊಡಗಿನ ಮನೆಗಳಲ್ಲಿ ಸೆಪ್ಟೆಂಬರ್ ತಿಂಗಳು ಆಯುಧಪೂಜೆಯೊಂದಿಗೆ ಆರಂಭವಾಗುತ್ತದೆ. ಗದ್ದೆಯ ನಾಟಿ ಮುಗಿದು, ಮಳೆ ತುಸು ತಗ್ಗಿ, ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗಳನ್ನು ತೊಳೆದು ಒರೆಸಿ ಸಾಲಾಗಿ ಇರಿಸಲಾಗುತ್ತದೆ. ಅವುಗಳ ನಳಿಕೆಗೆ ಕೆಂಬಣ್ಣದ ತೋಕ್‌ಪೂ ಸಿಂಗಾರವಾಗುತ್ತದೆ. ಹಬ್ಬ ಕಳೆದು ನಾಲ್ಕನೆಯ ದಿನಕ್ಕೆ ಇನ್ನೊಂದು ದಿನಾಂಕ ಬರುತ್ತದೆ. ಅದು ಪಂಚಾಂಗದಲ್ಲಿ ಇಲ್ಲದ ದಿನ. ಸೆಪ್ಟೆಂಬರ್ 7. 1965ರ ಆ ಮುಂಜಾನೆ ಕೊಡಗಿನ ಒಬ್ಬ ಮಗ ಪಂಜಾಬಿನ ಆಗಸಕ್ಕೆ ಏರಿದವನು ಮರಳಿ ಬರಲಿಲ್ಲ. ಅವನಿಗೆ ಏನಾಯಿತು ಎಂಬುದು ನಾಡಿಗೆ ತಿಳಿಯಲು ಹದಿನಾಲ್ಕು ವರ್ಷ ಬೇಕಾಯಿತು. ತಿಳಿದ ಮೇಲೆ ನಾಡು ಅವನನ್ನು ಗೌರವಿಸಲು ಮತ್ತೆ ಒಂಬತ್ತು ವರ್ಷ ಬೇಕಾಯಿತು.

ಆ ಯೋಧರೇ ಭಾರತೀಯ ವಾಯುಪಡೆಯ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ಮರಣೋತ್ತರವಾಗಿ ಮಹಾವೀರ ಚಕ್ರ ಪಡೆದ ವಾಯುಪಡೆಯ ಏಕೈಕ ಅಧಿಕಾರಿ ಎಂಬ ಹಿರಿಮೆ ಇಂದು ಅವರ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಆದರೆ ಆ ಹಿರಿಮೆಯ ಹಿಂದೆ ಇರುವ ದೀರ್ಘ ಮೌನದ ಕಥೆ ಹೊಸ ತಲೆಮಾರಿನ ಅನೇಕರಿಗೆ ತಿಳಿದಿಲ್ಲ. ಅದನ್ನು ಮತ್ತೊಮ್ಮೆ ನೆನೆಯುವುದು ಈ ಬರಹದ ಉದ್ದೇಶ.

ಒಕ್ಕವೆಂಬ ಸೈನಿಕ ಕುಟುಂಬ

ಕೊಡವರಲ್ಲಿ ವ್ಯಕ್ತಿಗಿಂತ ಮೊದಲು ಒಕ್ಕದ ಹೆಸರು ಬರುತ್ತದೆ. ಅಜ್ಜಮಾಡ, ಕೊಡಂದೇರ, ಮಂಡೇಪಂಡ ಎಂದು ಮೊದಲು ಮನೆತನವನ್ನು ಹೇಳಿ, ಬಳಿಕ ಆ ಮನೆತನದಲ್ಲಿ ಹುಟ್ಟಿದವನ ಹೆಸರನ್ನು ಹೇಳುವುದು ರೂಢಿ. ಒಂದೇ ಮೂಲಪುರುಷನಿಂದ ಬೆಳೆದ ಹತ್ತಾರು ಸಂಸಾರಗಳು ಸೇರಿ ಒಂದು ಒಕ್ಕ. ಆ ಒಕ್ಕಕ್ಕೆ ಒಂದು ಐನ್‌ಮನೆ, ಗತಿಸಿದ ಹಿರಿಯರಿಗೆ ಒಂದು ಕೈಮಡ. ಈ ಅರ್ಥದಲ್ಲಿ ಪ್ರತಿಯೊಬ್ಬ ಕೊಡವ ಸೈನಿಕನೂ ಒಂದು ದೊಡ್ಡ ಕುಟುಂಬದಿಂದಲೇ ಸೇನೆಗೆ ಹೋಗುತ್ತಾನೆ. ಮಡಿದರೆ ಆ ದೊಡ್ಡ ಕುಟುಂಬಕ್ಕೇ ಸೂತಕ.

ಸೇನೆಗೆ ಸೇರುವುದು ಇಲ್ಲಿ ಬರಿಯ ಉದ್ಯೋಗದ ಮಾತಾಗಿ ಉಳಿದಿಲ್ಲ. ಹಾಲೇರಿ ಅರಸರ ಕಾಲದ ದಂಡಿನಿಂದ ಹಿಡಿದು, 1834ರ ನಂತರದ ಬ್ರಿಟಿಷ್ ಆಳ್ವಿಕೆ, ಎರಡು ಮಹಾಯುದ್ಧಗಳು, ಸ್ವತಂತ್ರ ಭಾರತದ ಸೇನೆ, ಹೀಗೆ ತಲೆಮಾರಿನಿಂದ ತಲೆಮಾರಿಗೆ ಆ ಪರಂಪರೆ ಹರಿದು ಬಂದಿದೆ. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕೊಡಂದೇರ ಕಾರ್ಯಪ್ಪ ಈ ಮಣ್ಣಿನವರು. ಕೊರಿಯಾದಲ್ಲಿ ಯುದ್ಧಕೈದಿಗಳ ವಿನಿಮಯದ ಹೊಣೆ ಹೊತ್ತು ಜಗತ್ತಿನ ಮೆಚ್ಚುಗೆ ಗಳಿಸಿ, 1957ರಲ್ಲಿ ಸೇನಾ ಮುಖ್ಯಸ್ಥರಾದ ಜನರಲ್ ಕೊಡಂದೇರ ತಿಮ್ಮಯ್ಯ ಇಲ್ಲಿಯವರು. ಸಮುದ್ರದ ದಡವೇ ಇಲ್ಲದ ಈ ಬೆಟ್ಟದ ಜಿಲ್ಲೆ ಭೂಸೇನೆಗೆ ಮಾತ್ರವಲ್ಲ, ನೌಕಾಪಡೆಗೂ ವಾಯುಪಡೆಗೂ ತನ್ನ ಮಕ್ಕಳನ್ನು ಕಳುಹಿಸಿತು. ದೇವಯ್ಯ ಅಂಥ ಮಕ್ಕಳಲ್ಲಿ ಒಬ್ಬರು.

1932ರ ಡಿಸೆಂಬರ್ 24ರಂದು ಅವರು ಜನಿಸಿದರು. ಆಗ ಕೊಡಗು ಮೈಸೂರಿಗೂ ಸೇರದ, ಮದ್ರಾಸಿಗೂ ಸೇರದ, ಬ್ರಿಟಿಷರ ನೇರ ಆಡಳಿತದ ಪುಟ್ಟ ಪ್ರಾಂತ್ಯವಾಗಿತ್ತು. ಅವರು ವಾಯುಪಡೆಗೆ ಅಧಿಕಾರಿಯಾಗಿ ಸೇರಿದ್ದು 1954ರಲ್ಲಿ. ಆಗಲೂ ಕೊಡಗು ತನ್ನದೇ ವಿಧಾನಸಭೆಯುಳ್ಳ ಪ್ರತ್ಯೇಕ ರಾಜ್ಯವಾಗಿತ್ತು. 1956ರ ನವೆಂಬರ್ 1ರಂದು ಅದು ವಿಶಾಲ ಮೈಸೂರು ರಾಜ್ಯದಲ್ಲಿ ವಿಲೀನವಾದಾಗ ಈ ಯುವಕ ಆಗಲೇ ದೇಶದ ಆಗಸವನ್ನು ಅಳೆಯುತ್ತಿದ್ದರು.

ಹಾರಾಟದಲ್ಲಿ ಅವರದು ಪಳಗಿದ ಕೈ. ಹೊಸಬರಿಗೆ ಹಾರಾಟ ಕಲಿಸುವ ಬೋಧಕ ಹುದ್ದೆಗೆ ವಾಯುಪಡೆ ಅವರನ್ನು ಆರಿಸಿಕೊಂಡಿತ್ತು. 1965ರ ಯುದ್ಧ ಹತ್ತಿರವಾದ ಹೊತ್ತಿನಲ್ಲಿ ಅವರು ವಾಯುಪಡೆಯ ತರಬೇತಿ ಕಾಲೇಜಿನಲ್ಲಿ ಬೋಧಕರಾಗಿದ್ದರು. ಅಲ್ಲಿಂದ ಅವರನ್ನು ಒಂದನೆಯ ಸ್ಕ್ವಾಡ್ರನ್‌ಗೆ, ಹಿರಿಯ ಪೈಲಟ್ ಆಗಿ ಕಳುಹಿಸಲಾಯಿತು. ಮನೆಯಲ್ಲಿ ಪತ್ನಿ, ಇಬ್ಬರು ಪುಟ್ಟ ಹೆಣ್ಣುಮಕ್ಕಳು. ವಯಸ್ಸು ಮೂವತ್ತೆರಡು.

ಹುಲಿಗಳ ದಳ

ಒಂದನೆಯ ಸ್ಕ್ವಾಡ್ರನ್‌ಗೆ ಹುಲಿಗಳ ದಳವೆಂದು ಹೆಸರು. ಭಾರತೀಯ ವಾಯುಪಡೆಯ ಅತಿ ಹಳೆಯ ದಳ ಅದು. 1965ರಲ್ಲಿ ಅದು ಪಂಜಾಬಿನ ಆದಂಪುರ ನೆಲೆಯಲ್ಲಿ ಬೀಡುಬಿಟ್ಟಿತ್ತು. ವಿಂಗ್ ಕಮಾಂಡರ್ ಓಂ ಪ್ರಕಾಶ್ ತನೇಜಾ ಅದರ ನಾಯಕರು. ದಳದ ವಿಮಾನ ಫ್ರಾನ್ಸಿನ ದಸೋ ಸಂಸ್ಥೆ ತಯಾರಿಸಿದ ಮಿಸ್ಟೇರ್. ಐವತ್ತರ ದಶಕದ ಉತ್ತರಾರ್ಧದಲ್ಲಿ ಭಾರತ ಕೊಂಡ ಈ ವಿಮಾನ ಬಾಂಬು, ರಾಕೆಟ್ಟುಗಳನ್ನು ಹೊತ್ತು ನೆಲದ ಗುರಿಗಳ ಮೇಲೆ ಎರಗುವುದಕ್ಕೆ ಹೇಳಿ ಮಾಡಿಸಿದಂತಿತ್ತು. ಅದರ ಮೂತಿಯಲ್ಲಿ 30 ಮಿಲಿಮೀಟರ್ ವ್ಯಾಸದ ಎರಡು ಫಿರಂಗಿಗಳಿದ್ದವು. ಆದರೆ ನೇರ ಹಾರಾಟದಲ್ಲಿ ಅದು ಶಬ್ದದ ವೇಗವನ್ನು ದಾಟುವಂಥದಲ್ಲ.

ಎದುರಾಳಿಯ ಬತ್ತಳಿಕೆಯಲ್ಲಿ ಅಮೆರಿಕ ಸೇನಾ ನೆರವಾಗಿ ಕೊಟ್ಟ ಎಫ್-104 ಸ್ಟಾರ್‌ಫೈಟರ್ ಇತ್ತು. ಅದು ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ವಿಮಾನ. ಶಾಖವನ್ನು ಅರಸಿ ಬೆನ್ನಟ್ಟುವ ಸೈಡ್‌ವಿಂಡರ್ ಕ್ಷಿಪಣಿಯೂ, ಆರು ನಳಿಕೆಗಳ ಶೀಘ್ರ ಫಿರಂಗಿಯೂ ಅದರಲ್ಲಿದ್ದವು. ಪಾಕಿಸ್ತಾನದ ಬಳಿ ಅಂಥ ವಿಮಾನಗಳು ಇದ್ದದ್ದು ಕೆಲವೇ ಕೆಲವು. ಆದರೆ ಅವುಗಳ ಹೆಸರೇ ಒಂದು ಭಯವಾಗಿತ್ತು. ಸ್ಟಾರ್‌ಫೈಟರನ್ನು ಮಿಸ್ಟೇರ್ ಎದುರಿಸಬಲ್ಲದೆಂದು ಅಂದಿನ ಯಾವ ಲೆಕ್ಕಾಚಾರವೂ ಹೇಳುತ್ತಿರಲಿಲ್ಲ.

1965ರ ಸೆಪ್ಟೆಂಬರ್ 1ರಂದು ಛಾಂಬ್ ವಲಯದಲ್ಲಿ ಪಾಕಿಸ್ತಾನದ ಟ್ಯಾಂಕುಗಳು ಮುನ್ನುಗ್ಗಿದಾಗ ವಾಯುಪಡೆ ರಣರಂಗಕ್ಕಿಳಿಯಿತು. ಸೆಪ್ಟೆಂಬರ್ 6ರಂದು ಭಾರತೀಯ ಸೇನೆ ಲಾಹೋರಿನ ದಿಕ್ಕಿನಲ್ಲಿ ಅಂತಾರಾಷ್ಟ್ರೀಯ ಗಡಿ ದಾಟಿತು. ಅದೇ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್ ನೆಲೆಯ ಮೇಲೆ ಎರಗಿ, ನಿಂತಿದ್ದ ಭಾರತದ ಹಲವು ವಿಮಾನಗಳನ್ನು ಸುಟ್ಟವು. ಅದಕ್ಕೆ ಉತ್ತರ ಕೊಡಬೇಕಾಗಿತ್ತು. ಆರಿಸಿಕೊಂಡ ಗುರಿ ಸರ್ಗೋಧಾ.

ಸರ್ಗೋಧಾ ಪಾಕಿಸ್ತಾನದ ವಾಯುಪಡೆಯ ಹೃದಯಸ್ಥಾನ. ಅತ್ಯುತ್ತಮ ವಿಮಾನಗಳು, ಅತ್ಯುತ್ತಮ ಪೈಲಟ್‌ಗಳು, ಸುತ್ತಲೂ ವಿಮಾನ ನಿರೋಧಕ ತೋಪುಗಳು, ಹತ್ತಿರದ ಸಕೇಸರ್ ಗುಡ್ಡದ ಮೇಲೆ ರೇಡಾರು. ಆದಂಪುರದಿಂದ ಮಿಸ್ಟೇರ್ ಹೊರಟರೆ ಆ ಗುರಿ ಅದರ ಇಂಧನ ಸಾಮರ್ಥ್ಯದ ಅಂಚಿನಲ್ಲಿತ್ತು. ಹೋಗಿ, ಒಮ್ಮೆ ಎರಗಿ, ನೇರ ಮರಳಬಹುದು. ದಾರಿಯಲ್ಲಿ ಶತ್ರುವಿನೊಡನೆ ಕಾದಾಟಕ್ಕೆ ನಿಂತರೆ ಮನೆಗೆ ಮರಳುವ ಇಂಧನ ಉಳಿಯುವುದಿಲ್ಲ. ಆದಂಪುರದಿಂದ ಹಾರಿದ ಪ್ರತಿಯೊಬ್ಬ ಪೈಲಟನಿಗೂ ಈ ಲೆಕ್ಕ ಚೆನ್ನಾಗಿ ತಿಳಿದಿತ್ತು.

ಕಾಯ್ದಿರಿಸಿದ ಪೈಲಟ್

ಸೆಪ್ಟೆಂಬರ್ 7ರ ದಾಳಿಗೆ ತನೇಜಾ ಅವರ ನೇತೃತ್ವದಲ್ಲಿ ಹನ್ನೆರಡು ವಿಮಾನಗಳು ಗೊತ್ತಾದವು. ದೇವಯ್ಯನವರ ಹೆಸರು ಆ ಹನ್ನೆರಡರಲ್ಲಿ ಇರಲಿಲ್ಲ. ಅವರು ಕಾಯ್ದಿರಿಸಿದ ಪೈಲಟ್. ಯಾವುದಾದರೂ ವಿಮಾನ ಹಿಂದುಳಿದರೆ ಮಾತ್ರ ಆ ತೆರವನ್ನು ತುಂಬಬೇಕಾದವರು. ಬೆಳಕು ಹರಿಯುವ ಮುನ್ನವೇ, ಕತ್ತಲಲ್ಲಿ, ವಿಮಾನಗಳು ಒಂದೊಂದಾಗಿ ಮೇಲೇರಿದವು. ಒಂದು ವಿಮಾನ ದಾಳಿಯಿಂದ ಹಿಂದೆ ಸರಿಯಿತು. ದೇವಯ್ಯ ಆ ಸ್ಥಾನವನ್ನು ತುಂಬಿದರು.

ರೇಡಾರಿನ ಕಣ್ಣು ತಪ್ಪಿಸಲು ಮರಗಳ ತಲೆಯ ಮೇಲೆಯೇ ಹಾರುತ್ತ ಅವರು ಗಡಿ ದಾಟಿದರು. ನಸುಬೆಳಕಿನಲ್ಲಿ ಸರ್ಗೋಧಾ ಕಂಡಿತು. ನೆಲದಿಂದ ಗುಂಡಿನ ಮಳೆ ಆರಂಭವಾಗುವ ಮುನ್ನವೇ ಮೊದಲ ವಿಮಾನಗಳು ದಾಳಿ ನಡೆಸಿದವು. ಬೆಳಕು ಸಾಲದ ಆ ಹೊತ್ತಿನಲ್ಲಿ ಗುರಿಗಳು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ದಾಳಿಯಿಂದ ಆದ ಹಾನಿ ನಿರೀಕ್ಷಿಸಿದಷ್ಟು ಇರಲಿಲ್ಲವೆಂಬುದು ನಂತರ ತಿಳಿದ ಸಂಗತಿ. ದಾಳಿ ಮುಗಿಸಿದ ವಿಮಾನಗಳು ತಗ್ಗಿನಲ್ಲಿಯೇ ಪೂರ್ವಕ್ಕೆ ತಿರುಗಿದವು.

ಅಷ್ಟರಲ್ಲಿ ಪಾಕಿಸ್ತಾನದ ಒಂದು ಸ್ಟಾರ್‌ಫೈಟರ್ ಆಗಸದಲ್ಲಿತ್ತು. ಅದರ ಪೈಲಟ್ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಮರಳುತ್ತಿದ್ದ ಮಿಸ್ಟೇರ್‌ಗಳಲ್ಲಿ ಒಂದನ್ನು ಅವರು ಬೆನ್ನಟ್ಟಿದರು. ಆ ವಿಮಾನದಲ್ಲಿ ಇದ್ದವರು ದೇವಯ್ಯ. ಸ್ಟಾರ್‌ಫೈಟರ್ ಬಿಟ್ಟ ಕ್ಷಿಪಣಿ ಗುರಿ ತಪ್ಪಿತು. ನಂತರ ಫಿರಂಗಿಯ ಗುಂಡುಗಳು ಮಿಸ್ಟೇರ್‌ಗೆ ತಗುಲಿದವು. ವಿಮಾನ ಉರುಳಿತೆಂದೇ ಬಗೆದ ಅಮ್ಜದ್ ಹುಸೇನ್ ಅದನ್ನು ಬಿಟ್ಟು ಬೇರೆ ವಿಮಾನಗಳತ್ತ ತಿರುಗಿದರು.

ಆದರೆ ಪೆಟ್ಟು ತಿಂದ ಆ ಮಿಸ್ಟೇರ್ ಬಿದ್ದಿರಲಿಲ್ಲ. ದೇವಯ್ಯನವರ ಮುಂದೆ ಆಗ ಎರಡು ದಾರಿಗಳಿದ್ದವು. ಪೆಟ್ಟಾದ ವಿಮಾನವನ್ನು ಹೇಗಾದರೂ ಗಡಿಯತ್ತ ಎಳೆದುಕೊಂಡು ಹೋಗಲು ಯತ್ನಿಸುವುದು ಒಂದು. ತನ್ನ ಸಂಗಾತಿಗಳ ಬೆನ್ನು ಹತ್ತಿದ ಸ್ಟಾರ್‌ಫೈಟರನ್ನು ತಡೆಯುವುದು ಇನ್ನೊಂದು. ಅವರು ಎರಡನೆಯದನ್ನು ಆರಿಸಿಕೊಂಡರು. ವೇಗದಲ್ಲಿ ತನಗಿಂತ ಎರಡು ಪಟ್ಟು ಮಿಗಿಲಾದ ವಿಮಾನವನ್ನು ಅವರು ತಿರುವಿನ ಕಾದಾಟಕ್ಕೆ ಎಳೆದರು. ಸ್ಟಾರ್‌ಫೈಟರ್ ನೇರ ಓಟದ ಕುದುರೆ. ತಗ್ಗಿನಲ್ಲಿ ಬಿಗಿಯಾಗಿ ತಿರುಗುವುದು ಅದರ ದೌರ್ಬಲ್ಯ. ಆ ದೌರ್ಬಲ್ಯವನ್ನು ಹಾರಾಟದ ಬೋಧಕರಾಗಿದ್ದ ದೇವಯ್ಯ ಬಳಸಿಕೊಂಡರು. ಅವರ ಫಿರಂಗಿಯ ಗುಂಡುಗಳು ಸ್ಟಾರ್‌ಫೈಟರನ್ನು ಭೇದಿಸಿದವು. ವಿಮಾನ ಹತೋಟಿ ತಪ್ಪಿತು. ಅಮ್ಜದ್ ಹುಸೇನ್ ಕಡಿಮೆ ಎತ್ತರದಲ್ಲಿಯೇ ಹೊರಕ್ಕೆ ಜಿಗಿದು ಪ್ಯಾರಾಚೂಟಿನ ನೆರವಿನಿಂದ ಬದುಕಿಕೊಂಡರು.

ದೇವಯ್ಯ ಬದುಕಲಿಲ್ಲ. ಅವರ ವಿಮಾನ ಪಾಕಿಸ್ತಾನದ ನೆಲಕ್ಕೆ ಉರುಳಿತು. ಆ ಕೊನೆಯ ಕ್ಷಣಗಳನ್ನು ನೋಡಿದ ಒಂದು ಭಾರತೀಯ ಕಣ್ಣೂ ಇರಲಿಲ್ಲ. ಸಂಗಾತಿಗಳು ತಗ್ಗಿನಲ್ಲಿ, ಪೂರ್ಣ ವೇಗದಲ್ಲಿ, ಗಡಿಯತ್ತ ಸಾಗಿದ್ದರು. ತಮ್ಮ ಹಿಂದೆ ಒಬ್ಬನು ನಿಂತು ಕಾದಾಡಿದನೆಂಬುದು ಅವರಿಗೆ ತಿಳಿಯಲೇ ಇಲ್ಲ. ಆದಂಪುರದಲ್ಲಿ ವಿಮಾನಗಳನ್ನು ಎಣಿಸಿದಾಗ ಒಂದು ಕಡಿಮೆ ಇತ್ತು.

ಕಾಣೆಯಾದವನ ಮನೆ

ಯುದ್ಧದಲ್ಲಿ ಮಡಿದವನ ಮನೆಗೆ ದುಃಖ ಬರುತ್ತದೆ. ಕಾಣೆಯಾದವನ ಮನೆಗೆ ದುಃಖ ಬರುವುದಕ್ಕೂ ಅಪ್ಪಣೆ ಇಲ್ಲ. ಕೊಡವರ ಸಂಪ್ರದಾಯದಲ್ಲಿ ಸಾವಿಗೆ ಒಂದು ಕ್ರಮವಿದೆ. ಮನೆಯಲ್ಲಿ ಸಾವು ಸಂಭವಿಸಿದರೆ ಜೋಡಿ ಗುಂಡು ಹಾರಿಸಿ ಊರಿಗೆ ತಿಳಿಸಲಾಗುತ್ತದೆ. ಊರು ಕೆಲಸ ಬಿಟ್ಟು ಆ ಮನೆಗೆ ಬಂದು ಹೆಗಲು ಕೊಡುತ್ತದೆ. ದೇಹವನ್ನು ಮಣ್ಣಿಗೋ ಬೆಂಕಿಗೋ ಒಪ್ಪಿಸಿ, ಹನ್ನೊಂದನೆಯ ದಿನದ ಸುಮಾರಿಗೆ ಮಾದ ನಡೆದು ಸೂತಕ ಕಳೆಯುತ್ತದೆ. ಬಳಿಕ ಮಡಿದವನು ಒಕ್ಕದ ಕಾರಣರ ಸಾಲಿಗೆ ಸೇರುತ್ತಾನೆ. ವರ್ಷಕ್ಕೊಮ್ಮೆ ಹಿರಿಯರಿಗೆ ಎಡೆ ಇಡುವಾಗ ಅವನಿಗೂ ಪಾಲು ಸಲ್ಲುತ್ತದೆ. ಈ ಕ್ರಮದ ಪ್ರತಿಯೊಂದು ಮೆಟ್ಟಿಲಿಗೂ ಒಂದು ನಿಶ್ಚಯ ಬೇಕು: ಅವನು ಇನ್ನಿಲ್ಲವೆಂಬ ನಿಶ್ಚಯ. ಕಾಣೆಯಾದನೆಂಬ ಒಂದು ಸರ್ಕಾರಿ ಪದ ಆ ನಿಶ್ಚಯವನ್ನೇ ಕಸಿದುಕೊಳ್ಳುತ್ತದೆ.

ಅದೇ ಯುದ್ಧದಲ್ಲಿ ಕೊಡಗಿನ ಇನ್ನೊಬ್ಬ ಪೈಲಟ್ ಕೂಡ ಮರಳಿರಲಿಲ್ಲ. ಜನರಲ್ ಕಾರ್ಯಪ್ಪನವರ ಮಗ, ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ, ಕದನವಿರಾಮದ ಹಿಂದಿನ ದಿನ, ಸೆಪ್ಟೆಂಬರ್ 22ರಂದು, ಹಂಟರ್ ವಿಮಾನದಲ್ಲಿ ದಾಳಿಗೆ ಹೋಗಿದ್ದಾಗ ಅವರ ವಿಮಾನ ಉರುಳಿತು. ಅವರು ಗಾಯಗೊಂಡು ಸೆರೆಯಾದರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ವಿಭಜನೆಯ ಮುನ್ನ ಕಾರ್ಯಪ್ಪನವರ ಕೈಕೆಳಗೆ ದುಡಿದಿದ್ದವರು. ಅವರು ಸೆರೆಯ ಸುದ್ದಿಯನ್ನು ತಂದೆಗೆ ತಲುಪಿಸಿ ವಿಶೇಷ ಉಪಚಾರದ ಭರವಸೆ ನೀಡಿದರು. ನಿವೃತ್ತ ಜನರಲ್ ಅದನ್ನು ನಯವಾಗಿ ನಿರಾಕರಿಸಿ, ಸೆರೆಯಲ್ಲಿರುವ ಎಲ್ಲ ಭಾರತೀಯ ಸೈನಿಕರನ್ನೂ ತಮ್ಮ ಮಕ್ಕಳೆಂದೇ ಭಾವಿಸಿ ನೋಡಿಕೊಳ್ಳಬೇಕೆಂದು ತಿಳಿಸಿದ ಪ್ರಸಂಗ ಕೊಡಗಿನ ಮನೆಮನೆಯ ಮಾತು. ಆ ಮಗ 1966ರ ಆರಂಭದಲ್ಲಿ ಬಿಡುಗಡೆಯಾಗಿ ಮನೆಗೆ ಬಂದರು.

ಸೆರೆಯಾದವರ ಪಟ್ಟಿಗಳು ಬಂದವು, ಸೆರೆಯಾಳುಗಳು ಬಂದರು. ದೇವಯ್ಯ ಬರಲಿಲ್ಲ. ಕೊನೆಗೆ ಅವರು ಮಡಿದಿರಬೇಕೆಂದು ಭಾವಿಸಲಾಯಿತು. ಸರ್ಗೋಧಾ ದಾಳಿಯ ನಾಯಕ ತನೇಜಾ ಅವರಿಗೆ ವೀರ ಚಕ್ರ ಸಂದಿತು. ದೇವಯ್ಯನವರ ಪಾಲಿಗೆ ಉಳಿದದ್ದು ದಾಳಿಯಿಂದ ಮರಳದವರ ಪಟ್ಟಿಯ ಒಂದು ಸಾಲು. ಅವರ ವಿಮಾನ ನೆಲದ ತೋಪಿಗೆ ಬಲಿಯಾಯಿತೋ, ಇಂಧನ ತೀರಿ ಬಿದ್ದಿತೋ, ಬೇರೇನಾಯಿತೋ ಎಂದು ಹೇಳಬಲ್ಲ ಸಾಕ್ಷಿ ಭಾರತದ ಕಡೆ ಯಾರೂ ಇರಲಿಲ್ಲ. ಸಾಕ್ಷಿ ಇದ್ದದ್ದು ಗಡಿಯಾಚೆ.

ಇಂಥ ಮನೆಗಳು ನಮ್ಮ ನಾಡಿನಲ್ಲಿ ಇನ್ನೂ ಹಲವು. 1971ರ ಡಿಸೆಂಬರ್ 9ರ ರಾತ್ರಿ ದಿಯು ತೀರದಾಚೆ ಪಾಕಿಸ್ತಾನದ ಜಲಾಂತರ್ಗಾಮಿ ಹಂಗೋರ್ ಸಿಡಿಸಿದ ಟಾರ್ಪೆಡೊಗೆ ಐಎನ್ಎಸ್ ಖುಕ್ರಿ ಮುಳುಗಿದಾಗ 18 ಅಧಿಕಾರಿಗಳೂ 176 ನಾವಿಕರೂ ಹಡಗಿನೊಂದಿಗೆ ಹೋದರು. ಹಡಗನ್ನು ಬಿಡದೆ ಅದರೊಂದಿಗೇ ಮುಳುಗಿದ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು. ಆ ನಾವಿಕರ ಮನೆಗಳಿಗೂ ದೇಹ ಬರಲಿಲ್ಲ, ಕಡಲೇ ಸಮಾಧಿಯಾಯಿತು. 1965 ಮತ್ತು 1971ರ ಯುದ್ಧಗಳಲ್ಲಿ ಕಾಣೆಯಾದ 54 ಮಂದಿಯ ಕುಟುಂಬಗಳು, ತಮ್ಮವರು ಗಡಿಯಾಚೆಯ ಸೆರೆಮನೆಗಳಲ್ಲಿ ಇರಬಹುದೆಂಬ ಆಸೆಯಲ್ಲಿ ದಶಕಗಳನ್ನೇ ಕಳೆದವು. ನೆಲದಲ್ಲಿ, ನೀರಿನಲ್ಲಿ, ಆಗಸದಲ್ಲಿ ಎಲ್ಲಿ ಕಳೆದುಹೋದರೂ ಕಾಯುವ ಮನೆಯ ಬಾಗಿಲು ಒಂದೇ ಬಗೆಯದು. ಅದನ್ನು ಮುಚ್ಚಲು ಯಾರಿಗೂ ಮನಸ್ಸು ಬರುವುದಿಲ್ಲ.

ಎದುರಾಳಿಯೇ ನುಡಿದ ಸಾಕ್ಷಿ

ದೇವಯ್ಯನವರ ವಿಷಯದಲ್ಲಿ ಸತ್ಯ ಹೊರಬಿದ್ದದ್ದು ಅನಿರೀಕ್ಷಿತ ಮೂಲದಿಂದ. ಬ್ರಿಟನ್ನಿನ ಲೇಖಕ ಜಾನ್ ಫ್ರಿಕರ್, 1965ರ ಯುದ್ಧದಲ್ಲಿ ಪಾಕಿಸ್ತಾನದ ವಾಯುಪಡೆಯ ಪಾತ್ರವನ್ನು ಕುರಿತು ಪುಸ್ತಕ ಬರೆದರು. ಅದಕ್ಕಾಗಿ ಪಾಕಿಸ್ತಾನದ ವಾಯುಪಡೆ ಅವರಿಗೆ ತನ್ನ ದಾಖಲೆಗಳನ್ನೂ ಪೈಲಟ್‌ಗಳನ್ನೂ ಒದಗಿಸಿತ್ತು. 1979ರಲ್ಲಿ ಆ ಪುಸ್ತಕ ಪ್ರಕಟವಾಯಿತು. ಪಾಕಿಸ್ತಾನದ ಪೈಲಟ್‌ಗಳ ಶೌರ್ಯವನ್ನು ಎತ್ತಿ ಹಿಡಿಯಲೆಂದೇ ಸಿದ್ಧವಾದ ಆ ಬರಹದಲ್ಲಿ, ಸರ್ಗೋಧಾ ದಾಳಿಯ ದಿನ ಒಂದು ಮಿಸ್ಟೇರ್ ಸ್ಟಾರ್‌ಫೈಟರ್‌ನೊಡನೆ ಕಾದಾಡಿ ಅದನ್ನು ಉರುಳಿಸಿದ ವೃತ್ತಾಂತವೂ ಇತ್ತು. ಆ ಮಿಸ್ಟೇರ್‌ನ ಪೈಲಟನ ಧೈರ್ಯವನ್ನು ಎದುರಾಳಿಗಳು ಮುಚ್ಚಿಡಲಿಲ್ಲ.

ಅಂದು ಮರಳದೆ ಉಳಿದ ವಿಮಾನಗಳನ್ನು, ಕಾದಾಟ ನಡೆದ ಹೊತ್ತನ್ನು, ಸ್ಥಳವನ್ನು ತಾಳೆ ಹಾಕಿದಾಗ ಆ ಪೈಲಟ್ ದೇವಯ್ಯನವರಲ್ಲದೆ ಬೇರೆ ಯಾರೂ ಆಗಿರಲಾರರೆಂಬುದು ಖಚಿತವಾಯಿತು. ಹದಿನಾಲ್ಕು ವರ್ಷಗಳ ಹಿಂದೆ ತನ್ನ ಬೆನ್ನ ಹಿಂದೆ ನಡೆದದ್ದನ್ನು ತನೇಜಾ ಅವರು ತಿಳಿದದ್ದು ಹೀಗೆ. ಆ ಹೊತ್ತಿಗೆ ನಿವೃತ್ತರಾಗಿದ್ದ ಅವರು ಸುಮ್ಮನಿರಲಿಲ್ಲ. ತಮ್ಮ ದಳದ ಯೋಧನಿಗೆ ಸಲ್ಲಬೇಕಾದ ಗೌರವ ಸಲ್ಲಲೇಬೇಕೆಂದು ವಾಯುಪಡೆಯ ಕೇಂದ್ರ ಕಚೇರಿಗೆ ಬರೆದರು. ಕಡತಗಳು ನಿಧಾನವಾಗಿ ಚಲಿಸಿದವು.

ಇನ್ನೊಂದು ಸಂಗತಿಯೂ ಗಡಿಯಾಚೆಯಿಂದ ಬಂತು. ದೇವಯ್ಯನವರ ದೇಹ ಅಲ್ಲಿಯ ಹಳ್ಳಿಗರಿಗೆ ಸಿಕ್ಕಿತ್ತು. ಅವರು ಅದನ್ನು ಹೊಲದಲ್ಲಿಯೇ ಮಣ್ಣು ಮಾಡಿದ್ದರು. ಕಾವೇರಿಯ ನಾಡಿನಲ್ಲಿ ಹುಟ್ಟಿದ ದೇಹ ಪಶ್ಚಿಮ ಪಂಜಾಬಿನ ಮಣ್ಣಿನಲ್ಲಿ ಬೆರೆಯಿತು. ಹೆಸರು ತಿಳಿಯದ ಆ ರೈತರು ಶತ್ರುದೇಶದ ಯೋಧನ ದೇಹವನ್ನು ಅನಾದರಿಸದೆ ಮಣ್ಣಿಗೆ ಒಪ್ಪಿಸಿದ್ದರೆಂಬುದು, ಯುದ್ಧದ ಕಥೆಗಳಲ್ಲಿ ಅಪರೂಪಕ್ಕೆ ಸಿಗುವ ಸಮಾಧಾನ.

1988ರಲ್ಲಿ, ಮಡಿದ ಇಪ್ಪತ್ತಮೂರು ವರ್ಷಗಳ ಬಳಿಕ, ಭಾರತ ಸರ್ಕಾರ ಸ್ಕ್ವಾಡ್ರನ್ ಲೀಡರ್ ದೇವಯ್ಯನವರಿಗೆ ಮಹಾವೀರ ಚಕ್ರವನ್ನು ಪ್ರಕಟಿಸಿತು. ಯುದ್ಧಕಾಲದ ಶೌರ್ಯಕ್ಕೆ ಕೊಡುವ ಪ್ರಶಸ್ತಿಗಳಲ್ಲಿ ಪರಮವೀರ ಚಕ್ರದ ನಂತರ ಬರುವ ಗೌರವ ಅದು. ಅವರ ಪತ್ನಿ ಅದನ್ನು ಸ್ವೀಕರಿಸಿದರು. ತಂದೆಯನ್ನು ಕಳೆದುಕೊಂಡಾಗ ಪುಟ್ಟವರಾಗಿದ್ದ ಹೆಣ್ಣುಮಕ್ಕಳು ಆಗಲೇ ತುಂಬು ಹರೆಯದವರು. ತಂದೆ ಹೇಗೆ ಮಡಿದರೆಂಬುದನ್ನು ಅವರು ಹೇಳಿಕೊಳ್ಳಬಹುದಾದ ದಿನ ಅಂತೂ ಬಂತು.

ಅಮ್ಜದ್ ಹುಸೇನ್ ಅವರ ಬದುಕಿನಲ್ಲಿ ವಿಧಿ ಇನ್ನೊಂದು ತಿರುವನ್ನು ಇರಿಸಿತ್ತು. 1971ರ ಡಿಸೆಂಬರ್‌ನಲ್ಲಿ ಅವರು ಮತ್ತೆ ಸ್ಟಾರ್‌ಫೈಟರಿನಲ್ಲಿ ಅಮೃತಸರದ ರೇಡಾರಿನ ಮೇಲೆ ಎರಗಲು ಬಂದಾಗ ಭಾರತದ ವಿಮಾನ ನಿರೋಧಕ ತೋಪಿಗೆ ಸಿಕ್ಕಿ, ಪ್ಯಾರಾಚೂಟಿನಲ್ಲಿ ಇಳಿದು ಸೆರೆಯಾದರು. ಒಂದೇ ಬಗೆಯ ವಿಮಾನದಿಂದ ಎರಡು ಯುದ್ಧಗಳಲ್ಲಿ ಎರಡು ಬಾರಿ ಜಿಗಿದು ಬದುಕಿದ ಪೈಲಟ್ ಅವರು. ದೇವಯ್ಯನವರಿಗೆ ಏನಾಯಿತೆಂದು ಇಡೀ ಭಾರತದಲ್ಲಿ ಯಾರಿಗೂ ಗೊತ್ತಿರದ ಆ ಕಾಲದಲ್ಲಿ, ಅದನ್ನು ಕಣ್ಣಾರೆ ಕಂಡವರು ನಮ್ಮದೇ ನೆಲದಲ್ಲಿ ಸೆರೆಯಾಳಾಗಿದ್ದರು. ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕೇಳಬೇಕಾದ ಪ್ರಶ್ನೆಯೊಂದಿದೆ ಎಂಬುದೇ ಯಾರಿಗೂ ತಿಳಿದಿರಲಿಲ್ಲ.

ನೆನಪಿನ ಹೊಣೆ

ದೇವಯ್ಯನವರ ನಂತರವೂ ಕೊಡಗಿನ ಪೈಲಟ್‌ಗಳ ಸಾಲು ಮುಂದುವರಿಯಿತು. 1971ರ ನವೆಂಬರ್ 22ರಂದು ಬೊಯ್ರಾದ ಆಗಸದಲ್ಲಿ ಪಾಕಿಸ್ತಾನದ ಸೇಬರ್ ವಿಮಾನಗಳನ್ನು ಉರುಳಿಸಿದ ಪುಟ್ಟ ನ್ಯಾಟ್ ವಿಮಾನಗಳ ತಂಡದಲ್ಲಿ ಫ್ಲೈಟ್ ಲೆಫ್ಟಿನೆಂಟ್ ಮಂಡೇಪಂಡ ಗಣಪತಿ ಇದ್ದರು. ಅವರಿಗೆ ವೀರ ಚಕ್ರ ಸಂದಿತು. ಅವರ ಗೆಲುವಿನ ಸುದ್ದಿ ಕೂಡಲೇ ದೇಶಕ್ಕೆಲ್ಲ ತಿಳಿಯಿತು. ಗೆದ್ದು ಮರಳಿದವನ ಕಥೆಯನ್ನು ಅವನೇ ಹೇಳಬಲ್ಲ. ಗೆದ್ದು ಮಡಿದವನ ಕಥೆಯನ್ನು ಬೇರೆಯವರು ಹುಡುಕಿ ಹೇಳಬೇಕಾಗುತ್ತದೆ. ಇವೆರಡರ ನಡುವಿನ ಅಂತರವೇ ಇಪ್ಪತ್ತಮೂರು ವರ್ಷ.

ಇಂದು ಮಡಿಕೇರಿಯ ಹಳೆಯ ಖಾಸಗಿ ಬಸ್ ನಿಲ್ದಾಣದ ಬಳಿಯ ವೃತ್ತಕ್ಕೆ ದೇವಯ್ಯನವರ ಹೆಸರಿದೆ. 2020ರಲ್ಲಿ ಅಲ್ಲಿ ಅವರ ಪ್ರತಿಮೆಯೂ ನಿಂತಿತು. ಕಾರ್ಯಪ್ಪ, ತಿಮ್ಮಯ್ಯ, ಮೇಜರ್ ಮಂಗೇರಿರ ಮುತ್ತಣ್ಣ ಇವರ ಸ್ಮರಣೆಯ ತಾಣಗಳಿರುವ ಊರಿನಲ್ಲಿ ವಾಯುಪಡೆಯ ಈ ಯೋಧನಿಗೂ ಒಂದು ಸ್ಥಾನ ದೊರೆತದ್ದು ಉಚಿತವೇ ಆಗಿದೆ. ಸೆಪ್ಟೆಂಬರ್ 7ರಂದು ಅಲ್ಲಿ ಜನ ಸೇರಿ ಹಾರ ಹಾಕಿ ನಮಿಸುತ್ತಾರೆ. ಅದೇ ದಿನವನ್ನು ಗಡಿಯಾಚೆ ಪಾಕಿಸ್ತಾನ ತನ್ನ ವಾಯುಪಡೆಯ ದಿನವೆಂದು ಆಚರಿಸುತ್ತದೆ.

2025ರ ಜನವರಿಯಲ್ಲಿ ತೆರೆಕಂಡ ಹಿಂದಿ ಚಲನಚಿತ್ರ ಸ್ಕೈ ಫೋರ್ಸ್ ಈ ವೃತ್ತಾಂತದಿಂದಲೇ ಪ್ರೇರಿತವಾದದ್ದು. ದೇಶದ ಮೂಲೆಮೂಲೆಗೆ ಸರ್ಗೋಧಾದ ಕಥೆ ತಲುಪಿದ್ದು ಅದರಿಂದ ಆದ ಲಾಭ. ಆದರೆ ಆ ಚಿತ್ರದಲ್ಲಿ ಯೋಧನ ಪಾತ್ರಕ್ಕೆ ಬೇರೆ ಹೆಸರು, ಬೇರೆ ನೆಲೆ. ಒಕ್ಕದ ಹೆಸರನ್ನು ಮೊದಲಿಟ್ಟು ಮಾತನಾಡುವ ಕೊಡಗಿನ ಮಂದಿಗೆ ಅದು ನೋವು ತಂದಿತು. ಕಥೆಗೆ ಬೇಕಾದಂತೆ ಹೆಸರು ಬದಲಿಸುವುದು ಸಿನಿಮಾದವರ ಸ್ವಾತಂತ್ರ್ಯವಿರಬಹುದು. ಆದರೆ ಇಪ್ಪತ್ತಮೂರು ವರ್ಷ ಕಾದು ಪಡೆದ ಹೆಸರನ್ನು ಮತ್ತೆ ಬಿಟ್ಟುಕೊಡಲು ಯಾರು ಒಪ್ಪಿಯಾರು? ಕಾಣೆಯಾದವನಿಗೆ ಮೊದಲು ಬೇಕಾಗುವುದು ಪದಕವಲ್ಲ, ಹೆಸರು.

ದೇವಯ್ಯನವರ ಬದುಕಿನಿಂದ ಧೈರ್ಯದ ಪಾಠವನ್ನು ಕಲಿಯಬೇಕೆನ್ನುವುದು ಸುಲಭ. ಅದಕ್ಕಿಂತ ಕಷ್ಟದ ಪಾಠವೊಂದು ಇದರಲ್ಲಿದೆ. ಒಬ್ಬ ಯೋಧ ತನ್ನ ಕರ್ತವ್ಯವನ್ನು ಕೆಲವೇ ನಿಮಿಷಗಳಲ್ಲಿ, ಯಾರೂ ನೋಡದಿದ್ದರೂ, ಪೂರ್ಣಗೊಳಿಸಿದ. ಅವನನ್ನು ಕುರಿತ ನಾಡಿನ ಕರ್ತವ್ಯ ಪೂರ್ಣಗೊಳ್ಳಲು ಎರಡು ದಶಕ ಮೀರಿತು. ಅದೂ ಎದುರಾಳಿಯ ಪುಸ್ತಕವೊಂದು ಬಂದದ್ದರಿಂದ, ಒಬ್ಬ ಹಳೆಯ ನಾಯಕ ಬಿಡದೆ ಕೇಳಿದ್ದರಿಂದ. ಆ ಪುಸ್ತಕ ಬಾರದಿದ್ದರೆ? ಆ ನಾಯಕ ಕೇಳದಿದ್ದರೆ? ಹಾಗೆ ಪುಸ್ತಕವೂ ಬಾರದ, ಕೇಳುವವರೂ ಇಲ್ಲದ ಎಷ್ಟು ಸಾವುಗಳು ಕಡತಗಳ ಒಂದೊಂದು ಸಾಲಿನಲ್ಲಿ ಹುದುಗಿವೆಯೋ ಎಣಿಸಿದವರಿಲ್ಲ. ಯುದ್ಧದ ದಾಖಲೆಗಳನ್ನು ಕಾಪಿಡುವುದು, ಕಾಲ ಮೀರುವ ಮುನ್ನ ಬದುಕಿರುವವರನ್ನು ಕೇಳಿ ಬರೆದಿಡುವುದು, ಸೈನಿಕರನ್ನು ಕಳುಹಿಸಿದ ಪ್ರತಿಯೊಂದು ನಾಡಿನ ಹೊಣೆ. ಕೊಡಗಿನಂಥ ನಾಡಿಗೆ ಅದು ಇನ್ನೂ ದೊಡ್ಡ ಹೊಣೆ. ಇಲ್ಲಿಯ ಒಂದೊಂದು ಐನ್‌ಮನೆಯ ಗೋಡೆಯ ಮೇಲೂ ಸಮವಸ್ತ್ರದ ಒಂದಾದರೂ ಚಿತ್ರವಿದೆ. ಆ ಚಿತ್ರದಲ್ಲಿರುವವರು ಯಾರು, ಎಲ್ಲಿ ದುಡಿದರು, ಎಲ್ಲಿ ಮಡಿದರು ಎಂಬುದನ್ನು ಹೇಳಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರು ಮಡಿದು 2025ಕ್ಕೆ ಅರವತ್ತು ವರ್ಷ ತುಂಬಿತು. ಅವರ ಸಮಾಧಿಗೆ ಹೂವಿಡಲು ನಮಗೆ ದಾರಿಯಿಲ್ಲ. ಮಡಿಕೇರಿಯ ವೃತ್ತದ ಮೂಲಕ ದಿನವೂ ಸಾಗುವ ಸಾವಿರಾರು ಮಂದಿ ಒಂದು ಗಳಿಗೆ ತಲೆಯೆತ್ತಿ ಆ ಪ್ರತಿಮೆಯನ್ನು ನೋಡಿ, ಜೊತೆಗಿರುವ ಮಕ್ಕಳಿಗೆ ಅವರ ಹೆಸರನ್ನು, ಒಕ್ಕದ ಹೆಸರನ್ನೂ ಸೇರಿಸಿ, ಹೇಳಿಕೊಟ್ಟರೆ ಅದೇ ಅವರಿಗೆ ಸಲ್ಲುವ ಎಡೆ.